ಗುಂಪು ಕಟ್ಟಿಕೊಂಡು ಪಾರ್ಕಿಗೆ ಹೊರಟಿರಾ? ಮೊದಲು ನೆರಳಿನ ಲೆಕ್ಕ ಹಾಕಿ

ಬೆಳಿಗ್ಗೆ ಹತ್ತಕ್ಕೆ ಮೂವತ್ತು ಜನ ಬರುತ್ತಾರೆ, ತಂಪಾಗಿ ಕಂಡ ಮರದಡಿ ಜಮಖಾನ ಹಾಸುತ್ತಾರೆ. ಊಟ ಮುಗಿಯುವಷ್ಟರಲ್ಲಿ ಅಲ್ಲಿ ಸುಡುಬಿಸಿಲು. ಪಾತ್ರೆಪಗಡ ಹೊತ್ತು, ಮಂಡಿನೋವಿನ ಹಿರಿಯರನ್ನು ಎಬ್ಬಿಸಿಕೊಂಡು ಇನ್ನೊಂದು ಮರ ಹುಡುಕುವ ಹೊತ್ತಿಗೆ ಒಳ್ಳೆಯ ಜಾಗವೆಲ್ಲ ಬೇರೆಯವರ ಪಾಲಾಗಿರುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿ ಬರೆಯುತ್ತಿದ್ದೇನೆ.

ಮೊದಲು ಪಾರ್ಕಿನ ಕಚೇರಿಗೆ ಫೋನ್ ಮಾಡಿ. ಗುಂಪಿಗೆ ಬುಕಿಂಗ್ ಬೇಕೇ, ಒಲೆ ಹಚ್ಚಬಹುದೇ, ಗೇಟು ಎಷ್ಟಕ್ಕೆ ಮುಚ್ಚುತ್ತದೆ ಎಂದು ಕೇಳಿಕೊಂಡರೆ ಸಾಕು.

ಇನ್ನು ಜಾಗ. ಇಲ್ಲಿ ಅವಸರ ಮಾಡಬೇಡಿ. ಒಂದು ವಾರ ಮುಂಚೆ, ನೀವು ಸೇರುವುದು ಭಾನುವಾರವಾದರೆ ಭಾನುವಾರದಂದೇ, ಒಬ್ಬರು ಹೋಗಿ ನೋಡಿ ಬನ್ನಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಎರಡಕ್ಕೆ ಹೋಗಿ. ಬೆಳಿಗ್ಗೆ ಮರದ ನೆರಳು ಪಶ್ಚಿಮಕ್ಕೆ ಚಾಚಿರುತ್ತದೆ, ಹೊತ್ತು ನೆತ್ತಿ ದಾಟಿದ ಮೇಲೆ ಪೂರ್ವಕ್ಕೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಊಟ ಹರಟೆಗೆ ಎರಡು ಗಂಟೆ ಹಿಡಿದರೆ 30 ಡಿಗ್ರಿ. ಆದ್ದರಿಂದ ದಿನವಿಡೀ ಇರುವವರು ಬಂದಾಗ ಬಿಸಿಲು ಕಂಡರೂ ಮರದ ಪೂರ್ವದ ಬದಿಯನ್ನೇ ಹಿಡಿಯಿರಿ. ದಿಕ್ಕು ತಿಳಿಯದಿದ್ದರೆ ಮೊಬೈಲಿನ ದಿಕ್ಸೂಚಿ ಇದೆ. ಒಂಟಿ ಮರಕ್ಕಿಂತ ಒತ್ತಾಗಿ ನಿಂತ ಮೂರು ನಾಲ್ಕು ಮರಗಳು ಮೇಲು. ತಲೆಯೆತ್ತಿ ನೋಡಿ, ಒಣಕೊಂಬೆಯೋ ಜೇನುಗೂಡೋ ಕಂಡರೆ ಎಷ್ಟೇ ತಂಪಿದ್ದರೂ ಆ ಮರ ಬೇಡ. ಕೆಳಗೆ ಇರುವೆ ಸಾಲು ಇದೆಯೇ, ಮಳೆ ಬಂದರೆ ನೀರು ನಿಲ್ಲುವ ತಗ್ಗೇ ಎಂದೂ ನೋಡಿ. ಶೌಚಾಲಯದಿಂದ ಅಲ್ಲಿಗೆ ಒಮ್ಮೆ ನಡೆದು ನೋಡಿ, ಹಿರಿಯರ ಹೆಜ್ಜೆಯಲ್ಲಿ. ಮಕ್ಕಳಿದ್ದರೆ ಕೆರೆಯಂಚು ಬೇಡವೇ ಬೇಡ.

ಮರದ ಬದಲು ಮಡಚುವ ಟೆಂಟು ಒಯ್ಯುತ್ತೇವೆ ಎನ್ನುವವರಿಗೆ ಒಂದು ಮಾತು: ತೆಳು ಕಾಲಿನ ಅಗ್ಗದ ಟೆಂಟು ಒಂದು ಜೋರು ಗಾಳಿಗೆ ಹಾರುತ್ತದೆ. ನಾಲ್ಕೂ ಕಾಲಿಗೆ ಭಾರ ಕಟ್ಟಲಾಗದಿದ್ದರೆ ತರಬೇಡಿ.

ಕರೆಯುವಾಗ ‘ಗೇಟಿನ ಹತ್ತಿರ ಬನ್ನಿ’ ಎನ್ನಬೇಡಿ, ದೊಡ್ಡ ಪಾರ್ಕಿಗೆ ಗೇಟು ಒಂದೇ ಇರುವುದಿಲ್ಲ. ಕೂರುವ ಜಾಗದ ಲೊಕೇಶನ್ನನ್ನೇ ಕಳಿಸಿ.

ಕುಡಿಯುವುದಕ್ಕೆ ಒಂದು ಐಸ್ ಪೆಟ್ಟಿಗೆ, ಊಟಕ್ಕೆ ಇನ್ನೊಂದು. ನೀರಿನ ಪೆಟ್ಟಿಗೆ ಗಳಿಗೆಗೊಮ್ಮೆ ತೆರೆಯುತ್ತದೆ, ಊಟವೂ ಅದರಲ್ಲೇ ಇದ್ದರೆ ತಂಪು ಉಳಿಯದು. ಪುಡಿ ಐಸಿಗಿಂತ ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ. ಬೇಗ ಕೆಡುವ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು; 32 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಿದ್ದರೆ ಒಂದೇ ಗಂಟೆ.

ಆಟಕ್ಕೆ ಹಗ್ಗ, ಚೆಂಡು ಸಾಕು. ಬಲೂನು ಬೇಡ, ಒಡೆದ ಚೂರನ್ನು ಹಕ್ಕಿ, ಪ್ರಾಣಿಗಳು ನುಂಗುತ್ತವೆ.

ಗುಡುಗು ಕೇಳಿದರೆ ಆಟ ನಿಲ್ಲಿಸಿ. ಮರದಡಿ ನಿಲ್ಲದೆ ಗಟ್ಟಿ ಕಟ್ಟಡಕ್ಕೋ ಕಿಟಕಿ ಮುಚ್ಚಿದ ಕಾರಿಗೋ ಎಲ್ಲರನ್ನೂ ಕರೆದೊಯ್ಯಿರಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ.

ಒಲೆ ಹಚ್ಚಿದ್ದರೆ ಹೊರಡುವ ಅರ್ಧ ಗಂಟೆ ಮುಂಚೆಯೇ ಆರಿಸಿ. ಮಣ್ಣು ಮುಚ್ಚಿದರೆ ಕೆಂಡ ಒಳಗೇ ಬದುಕಿರುತ್ತದೆ. ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿಯಿರಿ. ಆಮೇಲೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬೆಚ್ಚಗನಿಸಿದರೆ ಇನ್ನೊಂದು ಬಕೆಟ್ ನೀರು ತನ್ನಿ.