ನೆಟ್ 2.43 ಮೀಟರ್, ನಾನು 1.65: ಗಿಡ್ಡಗಿರುವವರಿಗೆ ಕಾಲೇಜು ವಾಲಿಬಾಲ್

ಗಿಡ್ಡಗಿರುವ ಹುಡುಗ ಕಾಲೇಜು ತಂಡದಲ್ಲಿ ವಾಲಿಬಾಲ್ ಆಡಬಹುದೇ ಅಂದರೆ, ಖಂಡಿತ ಆಡಬಹುದು. ಆದರೆ ಎಲ್ಲೆಂದರಲ್ಲಿ ಅಲ್ಲ. ನಾನು 165 ಸೆಂ.ಮೀ., ಅಂದರೆ ಐದಡಿ ಐದಿಂಚು. ಹಾಸನದಲ್ಲಿ ಓದುವಾಗ ಕಾಲೇಜು ತಂಡಕ್ಕೆ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಚೆಂಡು ಎತ್ತುವುದಕ್ಕೇ ಇರುವ ಆಟಗಾರ, ಆಗಿ ಆಡಿದೆ, ಈಗ ಸಂಜೆ ಹೊತ್ತು ಹುಡುಗರಿಗೆ ಅದನ್ನೇ ಹೇಳಿಕೊಡುತ್ತೇನೆ. ನಾನು ನೋಡಿದಂತೆ ನಮ್ಮ ಕಡೆಯ ಇಂಟರ್ ಕಾಲೇಜ್ ಪಂದ್ಯಗಳಲ್ಲಿ ಸೆಟ್ ಕೈಬಿಡುವುದು ಸ್ಮ್ಯಾಶ್ ಹೊಡೆಯುವವರಿಲ್ಲದೆ ಅಲ್ಲ, ಎದುರಿನವರ ಸರ್ವಿಸ್ ಎತ್ತುವವರಿಲ್ಲದೆ. ಮೊದಲ ಚೆಂಡನ್ನು ಅಲುಗಾಡದೆ ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಲಿಫ್ಟರ್ ತಲೆ ಮೇಲೆ ಕೊಡುವವನ ಎತ್ತರವನ್ನು ಯಾವ ಪಿ.ಇ. ಸರ್ ಕೂಡ ಅಳೆಯುವುದಿಲ್ಲ.

ಮೊದಲು ಎತ್ತರದ ಲೆಕ್ಕ ಹಾಕಿಬಿಡೋಣ. ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24. ನಿಂತಲ್ಲೇ ಒಂದು ಕೈ ಎತ್ತಿದರೆ ಬೆರಳ ತುದಿ ಸುಮಾರಾಗಿ ಎತ್ತರದ 1.3 ಪಟ್ಟು ಮುಟ್ಟುತ್ತದೆ. 165 ಸೆಂ.ಮೀ. ಇದ್ದವನಿಗೆ ಅದು 215 ಸೆಂ.ಮೀ. ಆಯಿತು. ನೆಟ್ಟಿನ ಮೇಲಂಚಿಗೆ ಬೆರಳು ತಾಗಬೇಕಾದರೇ 28 ಸೆಂ.ಮೀ. ಹಾರಬೇಕು. 60 ಸೆಂ.ಮೀ. ಹಾರಿದರೆ ಬೆರಳು 275ಕ್ಕೆ ಬರುತ್ತದೆ; ಚೆಂಡಿಗೆ ತಾಗುವುದು ಅಂಗೈ, ಅದು ಇನ್ನೊಂದು ಹತ್ತು ಸೆಂ.ಮೀ. ಕೆಳಗೆ. ಅಲ್ಲಿಗೆ ನೆಟ್ಟಿನ ಮೇಲೆ ಸಿಗುವುದು ಒಂದು ಗೇಣಿನಷ್ಟು ಜಾಗ. ಅದೇ 185 ಸೆಂ.ಮೀ. ಇದ್ದವನ ಬೆರಳು ನಿಂತಲ್ಲೇ ಹೆಚ್ಚುಕಡಿಮೆ ನೆಟ್ ಮುಟ್ಟುತ್ತದೆ. ಈ ಅಂತರವನ್ನು ಹಾರಿ ತುಂಬಿಸುತ್ತೇನೆ ಅಂತ ಎರಡು ವರ್ಷ ಬರೀ ಜಂಪಿಂಗ್ ಮಾಡುವ ಹುಡುಗರಿದ್ದಾರೆ. ಅಷ್ಟು ಹೊತ್ತಿಗೆ ಡಿಗ್ರಿ ಮುಗಿಯಲು ಬಂದಿರುತ್ತದೆ.

ಲಿಬೆರೊ ಜಾಗ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದು 1998ರಲ್ಲಿ. ಬೇರೆ ಬಣ್ಣದ ಜೆರ್ಸಿ, ಹಿಂದಿನ ಸಾಲಿನಲ್ಲಿ ಮಾತ್ರ ಆಟ. ಸರ್ವಿಸ್ ಮಾಡುವಂತಿಲ್ಲ, ನೆಟ್ ಮೇಲೆ ಕೈ ಎತ್ತಿ ತಡೆಯುವ ಬ್ಲಾಕ್‌ಗೆ ಪ್ರಯತ್ನವನ್ನೂ ಮಾಡುವಂತಿಲ್ಲ, ಪೂರ್ತಿ ನೆಟ್ಟಿಗಿಂತ ಮೇಲಿರುವ ಚೆಂಡನ್ನು ಎದುರಿನ ಅಂಕಣಕ್ಕೆ ಹೊಡೆಯುವಂತಿಲ್ಲ. ಅವನ ಬದಲಾವಣೆ ಸೆಟ್ಟಿನ 6 ಸಬ್‌ಸ್ಟಿಟ್ಯೂಶನ್ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಬದಲಾವಣೆಗಳ ನಡುವೆ ಒಂದು ರ‍್ಯಾಲಿ ಮುಗಿದಿರಬೇಕು ಅಷ್ಟೆ. ಸಾಮಾನ್ಯವಾಗಿ ಮಿಡ್ಲ್ ಬ್ಲಾಕರ್ (ನೆಟ್ಟಿನ ನಡುವೆ ಬ್ಲಾಕ್ ಮಾಡುವ ಉದ್ದದವನು) ಹಿಂದಕ್ಕೆ ಬಂದಾಗ ಒಳಗೆ ಬಂದು, ರೊಟೇಶನ್‌ನಲ್ಲಿ (ಸರ್ವಿಸ್ ಗೆದ್ದಾಗ ಎಲ್ಲರೂ ಒಂದೊಂದು ಜಾಗ ಸರಿಯುವುದು) 4ನೇ ಜಾಗ, ಅಂದರೆ ಮುಂದಿನ ಸಾಲಿನ ಎಡತುದಿ, ಬರುವಾಗ ಹೊರಗೆ ಹೋಗುವುದು. ಒಳಗೆ ಹೊರಗೆ ಹೋಗಬೇಕಾದ್ದು ತಂಡದ ಬೆಂಚ್ ಇರುವ ಬದಿಯ ಗೆರೆಯಲ್ಲಿ, 3 ಮೀಟರ್ ಗೆರೆಗೂ ಹಿಂದಿನ ಗೆರೆಗೂ ನಡುವೆ.

ಇದು ಗಿಡ್ಡಗಿರುವವರಿಗೆ ಅಂತ ಬಿಟ್ಟುಕೊಟ್ಟ ಜಾಗ ಅಂದುಕೊಳ್ಳಬೇಡಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅತ್ಯುತ್ತಮ ಆಟಗಾರನಾದ ಬ್ರೆಜಿಲ್‌ನ ಸೆರ್ಜಿಯೊ ಲಿಬೆರೊನೇ, ಎತ್ತರ 184 ಸೆಂ.ಮೀ. ನಮ್ಮಲ್ಲಾದರೆ ಅಂಥವನನ್ನು ನೇರ ಮಿಡ್ಲ್‌ಗೆ ನಿಲ್ಲಿಸುತ್ತಾರೆ. ಗಿಡ್ಡಗಿದ್ದರೆ ನೆಲಕ್ಕೆ ಹತ್ತಿರ, ಆದ್ದರಿಂದ ಡಿಫೆನ್ಸ್ ಸುಲಭ ಅನ್ನುವುದೂ ಅರ್ಧ ಮಾತು. ನಮ್ಮ ಕೈ ಮೋಟು. ಪಕ್ಕಕ್ಕೆ ಹೋಗುವ ಚೆಂಡಿಗೆ ಉದ್ದದವನ ಕೈ ನಿಂತಲ್ಲಿಂದ ಚಾಚಿದರೆ ಸಿಗುತ್ತದೆ, ನಾವು ಒಂದು ಹೆಜ್ಜೆ ಮೊದಲೇ ಹೊರಟಿರಬೇಕು. ಆ ಒಂದು ಹೆಜ್ಜೆಯೇ ನಮ್ಮ ಪೂರ್ತಿ ಪ್ರಾಕ್ಟೀಸು.

ಕಾಲೇಜು ಮಟ್ಟದಲ್ಲಿ ಹೆಚ್ಚಾಗಿ ಬರುವುದು ಫ್ಲೋಟ್ ಸರ್ವಿಸ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದರೆ 16 ಮೀಟರ್ ದಾಟಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಚೆಂಡು ಸುತ್ತದೆ ಬರುವುದರಿಂದ ಗಾಳಿ ಅದರ ಒಂದೊಂದು ಬದಿಯನ್ನು ಒಂದೊಂದು ರೀತಿ ತಳ್ಳುತ್ತದೆ, ಕೊನೆಯ ಎರಡು ಮೂರು ಮೀಟರಿನಲ್ಲಿ ದಾರಿ ಬದಲಿಸುತ್ತದೆ. ಹಾಗಾಗಿ ಚೆಂಡು ನೋಡಿ ಹೊರಟರೆ ತಡವಾಯಿತು. ಸರ್ವಿಸ್ ಮಾಡುವವನ ಕೈ ನೋಡಬೇಕು. ಟಾಸ್, ಅಂದರೆ ಹೊಡೆಯಲು ಅವನು ಮೇಲೆಸೆಯುವ ಚೆಂಡು, ಭುಜದ ಮುಂದೆ ಕಡಿಮೆ ಎತ್ತರಕ್ಕೆ ಎದ್ದು, ಹೊಡೆದ ಕೈ ಅಲ್ಲೇ ಗಕ್ಕನೆ ನಿಂತರೆ ಫ್ಲೋಟ್. ಟಾಸ್ ತಲೆ ಮೇಲೆ ಎದ್ದು ಮಣಿಕಟ್ಟು ಮಡಚಿ ಕೈ ಸೊಂಟದವರೆಗೆ ಬಂದರೆ ಟಾಪ್ ಸ್ಪಿನ್, ಅದು ನಿಮ್ಮ ಮುಂದೆ ಬೀಳುತ್ತದೆ. ಅವನ ಎದೆ, ಮುಂದಿಟ್ಟ ಪಾದ ಯಾವ ಕಡೆಗಿದೆಯೋ ಬಹುಪಾಲು ಚೆಂಡು ಆ ಕಡೆಗೇ. ಚೆಂಡು ಅವನ ಕೈ ಬಿಡುವ ಹೊತ್ತಿಗೆ ನನ್ನ ಎರಡೂ ಪಾದ ಸಣ್ಣದಾಗಿ ಕುಪ್ಪಳಿಸಿ ನೆಲಕ್ಕೆ ಇಳಿದಿರಬೇಕು, ತೂಕ ಬೆರಳುಗಳ ಬುಡದ ಮೇಲಿರಬೇಕು. ಹಿಮ್ಮಡಿ ಮೇಲೆ ನಿಂತವನಿಗೆ ಮೊದಲ ಹೆಜ್ಜೆ ಹಿಂದಕ್ಕೇ ಹೋಗುತ್ತದೆ.

ನಿಲ್ಲುವ ಜಾಗ ನೆಟ್ಟಿನಿಂದ 6.5ರಿಂದ 7 ಮೀಟರ್. ಉದ್ದದವರು ಆರಕ್ಕೆ ನಿಲ್ಲುತ್ತಾರೆ, ಅದನ್ನು ನೋಡಿ ನಾವೂ ನಿಂತರೆ ಎದೆ ಮಟ್ಟಕ್ಕೆ ಬರಬೇಕಾದ ಚೆಂಡು ಹಣೆ ಮೇಲೆ ಬರುತ್ತದೆ. ಜಂಪ್ ಸರ್ವಿಸ್ ಬಂದರೆ ಇನ್ನೊಂದು ಹೆಜ್ಜೆ ಹಿಂದೆ. ಆದರೂ ಮುಖದ ಮಟ್ಟಕ್ಕೆ ಬರುವ ಫ್ಲೋಟ್ ತಪ್ಪಿದ್ದಲ್ಲ. ಅದನ್ನು ಬೆರಳಲ್ಲೇ ತೆಗೆದುಕೊಳ್ಳಲು ಕಲಿಯಿರಿ. ತಂಡದ ಮೊದಲ ಟಚ್‌ನಲ್ಲಿ ಒಂದೇ ಕ್ರಿಯೆಯೊಳಗೆ ಎರಡು ಸಲ ತಾಗಿದರೂ ಡಬಲ್ ಫೌಲ್ ಅಲ್ಲ, ಹಿಡಿದು ಎಸೆದರೆ ಮಾತ್ರ ಫೌಲ್. ಊರ ಕಡೆಯ ಹೊನಲು ಬೆಳಕಿನ ಪಂದ್ಯಗಳಲ್ಲಿ ಇದಕ್ಕೂ ವಿಸಿಲ್ ಊದುವ ಅಂಪೈರ್‌ಗಳುಂಟು. ಪಂದ್ಯದ ಮೊದಲು ನಾಣ್ಯದ ಟಾಸ್ ಹೊತ್ತಿಗೇ ಕ್ಯಾಪ್ಟನ್ ಕೈಲಿ ಒಂದು ಮಾತು ಕೇಳಿಸಿಟ್ಟರೆ ಆಮೇಲೆ ಜಗಳವಿಲ್ಲ.

ಅಂಡರ್‌ಹ್ಯಾಂಡ್‌ನಲ್ಲಿ ಚೆಂಡು ತಾಗಬೇಕಾದ್ದು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಎರಡೂ ಮುಂಗೈಯ ಚಪ್ಪಟೆ ಭಾಗದಲ್ಲಿ. ಹೆಬ್ಬೆರಳು ಎರಡೂ ಜೋಡಿಯಾಗಿ ನೆಲದ ಕಡೆಗೆ, ಮೊಣಕೈ ನೆಟ್ಟಗೆ, ಭುಜ ಮುಂದಕ್ಕೆ ಚಾಚಿರಬೇಕು. ಹುಡುಗರು ಸಾಮಾನ್ಯವಾಗಿ ಕೆಡಿಸುವುದು ಎರಡು ಕಡೆ. ಒಂದು, ಓಡುವಾಗಲೇ ಕೈ ಜೋಡಿಸಿಕೊಂಡು ಓಡುತ್ತಾರೆ. ಕಾಲು ಜಾಗಕ್ಕೆ ಮುಟ್ಟುವುದೇ ಇಲ್ಲ. ಇನ್ನೊಂದು, ಚೆಂಡು ತಾಗುವಾಗ ಕೈಯನ್ನು ಮೇಲಕ್ಕೆ ಬೀಸುತ್ತಾರೆ. ಜೋರಾಗಿ ಬಂದ ಚೆಂಡಿಗೆ ಕೈ ಬೀಸಿದರೆ ಅದು ನೆಟ್ ದಾಟಿ ಎದುರಿನವನಿಗೆ ಸ್ಮ್ಯಾಶ್ ಆಗುತ್ತದೆ. ಕೈ ಸುಮ್ಮನೆ ಹಲಗೆಯಂತೆ ಹಿಡಿದು, ಯಾವ ಕಡೆ ಹೋಗಬೇಕೋ ಆ ಕಡೆಗೆ ಓರೆ ಮಾಡಿದರೆ ಸಾಕು. ಎಡಕ್ಕೆ ಬಂದ ಚೆಂಡಿಗೆ ಬಲ ಭುಜ ತಗ್ಗಿಸುವುದು, ಬಲಕ್ಕೆ ಬಂದರೆ ಎಡ ಭುಜ; ಓರೆ ತಾನಾಗಿ ಒಳಗೆ ತಿರುಗುತ್ತದೆ. ಗುರಿ ಮುಂದಿನ ಸಾಲಿನ 2 (ಬಲತುದಿ) ಮತ್ತು 3ನೇ (ನಡು) ಜಾಗದ ನಡುವೆ, ನೆಟ್ಟಿನಿಂದ ಒಂದು ಮೀಟರ್ ಈಚೆ. ಎತ್ತರಕ್ಕೆ ನೆಟ್ಟಿನ ಎರಡೂ ಬದಿ ನಿಲ್ಲಿಸಿದ ಕಡ್ಡಿ, ಆಂಟೆನಾ ನೋಡಿಕೊಳ್ಳಿ: ಅದು ನೆಟ್ಟಿನ ಮೇಲೆ 80 ಸೆಂ.ಮೀ., ತುದಿ ನೆಲದಿಂದ 3.23 ಮೀಟರ್. ಅದಕ್ಕಿಂತ ಒಂದೆರಡು ಅಡಿ ಮೇಲೆ ಹೋದರೆ ಲಿಫ್ಟರ್‌ಗೆ ಓಡಿ ಬರಲು ಸಮಯ ಸಿಗುತ್ತದೆ.

ಇದಕ್ಕೆ ಕೋರ್ಟೇ ಬೇಕಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಹುಡುಗರಿಗೆ ಕಾಫಿ ಕಣ ಇದೆ. ಕೊಯ್ಲು ಮುಗಿದು ಕಾಫಿ ಗೋಡೌನ್ ಸೇರಿದ ಮೇಲೆ ಮಳೆ ಹಿಡಿಯುವವರೆಗೂ ಕಣ ಖಾಲಿ, ಪಕ್ಕದಲ್ಲೇ ಗೋಡೌನ್ ಗೋಡೆ. ಗೋಡೆ ಮೇಲೆ 3ರಿಂದ 3.6 ಮೀಟರ್ ನಡುವೆ ಸೀಮೆಸುಣ್ಣದಲ್ಲಿ ಎರಡಡಿ ಚೌಕ ಬರೆಯಿರಿ. ಮೂರು ಮೀಟರ್ ದೂರ ನಿಂತು ಚೌಕಕ್ಕೇ 50 ಅಂಡರ್‌ಹ್ಯಾಂಡ್. ಆಮೇಲೆ ಪ್ರತಿ ಸಲ ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಾ ಇನ್ನೊಂದು 50. ಕೊನೆಗೆ ಜೊತೆಗಾರ ನಿಮ್ಮ ಬೆನ್ನ ಹಿಂದೆ ನಿಂತು ಗೋಡೆಗೆ ಎಸೆಯಲಿ, ಪುಟಿದು ಬಂದದ್ದನ್ನು ನೀವು ಎತ್ತಬೇಕು. ಎಲ್ಲಿಗೆ ಎಸೆಯುತ್ತಾನೆ ಅಂತ ಕಾಣದಿರುವುದೇ ಇಲ್ಲಿನ ಲಾಭ. ಕಣದ ಸಿಮೆಂಟಿನ ಮೇಲೆ ಡೈವ್ ಮಾತ್ರ ಬೇಡ, ಮಂಡಿ ಚರ್ಮ ಕಿತ್ತು ಬರುತ್ತದೆ. ಡೈವ್ ಕಲಿಯುವುದು ಮಣ್ಣಿನ ಅಂಕಣದಲ್ಲಿ, ಗರಸು ಕಲ್ಲು ಗುಡಿಸಿ, ಮಂಡಿಗೆ ನೀ ಕ್ಯಾಪ್ ಹಾಕಿಕೊಂಡು. ಆಗಲೂ ಮೊದಲು ಕುಳಿತ ಭಂಗಿಯಿಂದ.

ರಿಸೀವ್‌ಗೆ, ಅಂದರೆ ಸರ್ವಿಸ್ ಎತ್ತಿದ್ದಕ್ಕೆ, ಅಂಕ ಕೊಟ್ಟು ಬರೆದಿಡುವ ಅಭ್ಯಾಸ ಒಳ್ಳೆಯದು. ಲಿಫ್ಟರ್ ನಿಂತಲ್ಲೇ ಬಂದು ಮೂರೂ ಸ್ಮ್ಯಾಶರ್‌ಗಳಿಗೆ ಕೊಡಬಹುದಾದರೆ 3, ಇಬ್ಬರಿಗೆ ಮಾತ್ರ ಆದರೆ 2, ಹೇಗೋ ಎದುರಿಗೆ ದಾಟಿಸುವಂತಾದರೆ 1, ಸತ್ತರೆ 0. ಸರಾಸರಿ 2 ದಾಟುತ್ತಿದ್ದರೆ ನೀವು ಕಾಲೇಜು ತಂಡದಲ್ಲಿ ನಿಲ್ಲುತ್ತೀರಿ ಅನ್ನುವುದು ನನ್ನ ಲೆಕ್ಕ. 1.5ರ ಕೆಳಗಿದ್ದರೆ ಎಷ್ಟು ಚೆನ್ನಾಗಿ ಡೈವ್ ಹೊಡೆದರೂ ಅದು ಫೋಟೋಗೆ ಮಾತ್ರ.

ಲಿಬೆರೊಗೆ ಇನ್ನೊಂದು ಕೆಲಸ ಬರಬೇಕು: ಲಿಫ್ಟರ್ ಮೊದಲ ಚೆಂಡು ಎತ್ತಿದಾಗ ಎರಡನೆಯದನ್ನು ಕೊಡುವುದು. 3 ಮೀಟರ್ ಗೆರೆಯ ಮುಂದೆ ನಿಂತು ಬೆರಳಲ್ಲಿ ಲಿಫ್ಟ್ ಮಾಡಿದರೆ ಆ ಚೆಂಡನ್ನು ನೆಟ್ಟಿಗಿಂತ ಮೇಲೆ ಸ್ಮ್ಯಾಶ್ ಮಾಡುವಂತಿಲ್ಲ. ಮುಂಗೈಯಲ್ಲಿ ಕೊಟ್ಟರೆ ತಕರಾರಿಲ್ಲ. ಗೆರೆಯ ಹಿಂದಿನಿಂದ ಹಾರಿ, ಗಾಳಿಯಲ್ಲಿದ್ದಾಗಲೇ ಬೆರಳಲ್ಲಿ ಕೊಟ್ಟು ಗೆರೆಯ ಮುಂದೆ ಇಳಿದರೂ ಸರಿ. ಗೆರೆ ತುಳಿದು ಹಾರಿದರೆ ಮಾತ್ರ ಮುಂದಿನ ಸಾಲಿನ ಲೆಕ್ಕ.

ಲಿಫ್ಟರ್ ಜಾಗಕ್ಕೂ ಗಿಡ್ಡಗಿರುವವರು ಹೋಗಬಹುದು. ಜಪಾನಿನ ಯೋಶಿಯೆ ತಾಕೆಶಿತಾ 159 ಸೆಂ.ಮೀ. ಇದ್ದುಕೊಂಡೇ 2006ರ ವಿಶ್ವ ಚಾಂಪಿಯನ್‌ಶಿಪ್‌ನ ಅತ್ಯುತ್ತಮ ಆಟಗಾರ್ತಿಯಾದರು. ಆದರೆ ಲಿಫ್ಟರ್ ಆರರಲ್ಲಿ ಮೂರು ರೊಟೇಶನ್ ನೆಟ್ ಹತ್ತಿರವೇ ಇರುತ್ತಾನೆ, ಎದುರಿನವರು ಬೇಕೆಂದೇ ಅವನ ಮೇಲಿಂದ ಹೊಡೆಯುತ್ತಾರೆ. ಅಲ್ಲಿ ಅರೆಮನಸ್ಸಿನ ಬ್ಲಾಕ್ ಕೆಟ್ಟದ್ದು: ಬೆರಳಿಗೆ ಸವರಿ ಹೋದ ಚೆಂಡನ್ನು ಹಿಂದಿನವರು ಎತ್ತಲಾರರು. ನಾನು ಹೇಳಿಕೊಡುವುದು ಬ್ಲಾಕ್ ಬಿಟ್ಟು 3 ಮೀಟರ್ ಗೆರೆಗೆ ಸರಿದು ಡ್ರಾಪ್ (ಮೆಲ್ಲಗೆ ಬೀಳಿಸುವ ಚೆಂಡು) ಕಾಯುವುದನ್ನು, ಬದಿಗೆರೆಯುದ್ದಕ್ಕೆ ಬರುವ ಲೈನ್ ಹೊಡೆತವನ್ನು ಹಿಂದಿನ ಬಲತುದಿಯ 1ನೇ ಜಾಗದವನಿಗೆ ಬಿಡುವುದನ್ನು. ಸರ್ವಿಸ್ ಗಟ್ಟಿ ಇದ್ದವನಿಗೆ ಮೂರನೇ ದಾರಿಯೂ ಇದೆ. ಸರ್ವಿಸ್ ಹೊತ್ತಿಗೆ ಒಳಗೆ ಬಂದು, ಮೂರು ರೊಟೇಶನ್ ಹಿಂದೆ ಆಡಿ, ಮುಂದಿನ ಸಾಲು ಬಂದಾಗ ಹೊರಗೆ ಹೋಗುವುದು. ಇದಕ್ಕೆ ಸೆಟ್ಟಿನ ಆರು ಸಬ್‌ಸ್ಟಿಟ್ಯೂಶನ್‌ಗಳಲ್ಲಿ ಎರಡು ಖರ್ಚು. ಬದಲಿಯಾಗಿ ಬಂದವನಿಗೆ ಆ ಸೆಟ್ಟಿನಲ್ಲಿ ಒಂದೇ ಅವಕಾಶ, ಹಾಗಾಗಿ ಯಾವಾಗ ಇಳಿಸಬೇಕೆಂದು ಮೊದಲೇ ಗೊತ್ತಿರಬೇಕು.

ಮುಂದಿನ ಸಾಲಿನಲ್ಲೇ ಆಡುತ್ತೇನೆ ಅನ್ನುವವರಿಗೆ ಒಂದೇ ಮಾತು: ಕೆಳಕ್ಕೆ ಹೊಡೆಯಬೇಡಿ. ಬ್ಲಾಕರ್‌ನ ಹೊರಗಿನ ಕೈಯ ಕಿರುಬೆರಳಿನ ಕಡೆಗೆ, ಗೆರೆಯಾಚೆಗೆ ಸಿಡಿಯುವಂತೆ ಹೊಡೆಯಿರಿ, ಇಲ್ಲವೇ ಕೊನೆಯ ಒಂದು ಮೀಟರಿಗೆ ಉದ್ದ ಕಳಿಸಿ. ಜಂಪಿಂಗ್ ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು, ಒಂದು ಸಲಕ್ಕೆ 60 ಹಾರುವಿಕೆ ಮೀರದಂತೆ, ಮಣ್ಣಿನ ಮೇಲೆ. ಮಂಡಿ ಚಿಪ್ಪಿನ ಕೆಳಗೆ ನೋವು ಶುರುವಾದರೆ ಹಾರುವುದನ್ನು ನಿಲ್ಲಿಸಿ.

ಡಿಗ್ರಿ ಕಾಲೇಜಾದರೆ ಚಿಕ್ಕಮಗಳೂರಿನವರಿಗೆ ಕುವೆಂಪು ವಿಶ್ವವಿದ್ಯಾಲಯ, ಹಾಸನ, ಚಿಕ್ಕಮಗಳೂರು ಎರಡೂ ಊರಿನ ಎಂಜಿನಿಯರಿಂಗ್‌ನವರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ಯಾವುದೇ ಆದರೂ ಇಂಟರ್ ಕಾಲೇಜ್ ಪಂದ್ಯದಲ್ಲಿ ನೋಡಿಯೇ ಯೂನಿವರ್ಸಿಟಿ ತಂಡಕ್ಕೆ ಆರಿಸುವುದು. ಕಾಲೇಜು ಸೆಲೆಕ್ಷನ್‌ನಲ್ಲಿ ಮೊದಲು ಸ್ಮ್ಯಾಶ್ ಸಾಲು ಹಾಕಿಸುತ್ತಾರೆ, ಗಿಡ್ಡಗಿರುವವರು ಅಲ್ಲೇ ಉದುರುತ್ತಾರೆ. ಸಾಲು ಸೇರುವ ಮೊದಲೇ ಹೋಗಿ, "ಸರ್, ನಾನು ಲಿಬೆರೊಗೆ ಬಂದಿದ್ದೀನಿ, ರಿಸೀವ್ ನೋಡ್ತೀರಾ" ಅಂತ ಹೇಳಿಬಿಡಿ. ಸ್ಮ್ಯಾಶ್ ಸಾಲು ನಡೆಯುವಾಗ ಎದುರಿನ ಅಂಕಣದ 5ನೇ ಜಾಗದಲ್ಲಿ (ಹಿಂದಿನ ಸಾಲಿನ ಎಡತುದಿ) ನಿಂತು ಚೆಂಡು ಎತ್ತುತ್ತಿರಿ. ಪ್ರತಿ ಚೆಂಡಿಗೂ ಚೆಂಡು ನೆಟ್ ದಾಟುವ ಮೊದಲೇ "ನಂದು" ಅಂತ ಕೂಗಬೇಕು. ನೆಟ್ ದಾಟಿದ ಮೇಲೆ ಕೂಗಿದರೆ ಪಕ್ಕದವನು ಆಗಲೇ ಹೊರಟಿರುತ್ತಾನೆ, ಇಬ್ಬರ ನಡುವೆ ಚೆಂಡು ಬೀಳುತ್ತದೆ.

ಪಂದ್ಯದ ದಿನ ಸ್ಕೋರ್ ಶೀಟ್‌ನಲ್ಲಿ ಲಿಬೆರೊ ಖಾನೆಯಲ್ಲೇ ನಿಮ್ಮ ನಂಬರ್ ಬರೆದಿದೆಯೇ ನೋಡಿ. ಬರೆಯದಿದ್ದರೆ ಆ ಪಂದ್ಯದಲ್ಲಿ ನೀವು ಲಿಬೆರೊ ಅಲ್ಲ. ಚೆಂಡಿನ ಗಾಳಿಯನ್ನೂ ನೋಡಿಕೊಳ್ಳಿ. ಇರಬೇಕಾದ್ದು ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ., ಪಂಪಿನ ಗೇಜಿನಲ್ಲಿ ಸುಮಾರು 4.5 ಪಿಎಸ್‌ಐ. ಸೈಕಲ್ ಶಾಪಿನಲ್ಲಿ ತುಂಬಿಸಿದ ಚೆಂಡು ಇದನ್ನು ಎಲ್ಲೋ ದಾಟಿರುತ್ತದೆ, ಮುಂಗೈಯಿಂದ ಸಿಡಿದು ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೊಲಿಗೆ ಸಡಿಲಾದ ಚೆಂಡು ನೀರು ಕುಡಿದು ಭಾರವಾಗಿರುತ್ತದೆ, ಸರ್ವಿಸ್ ಮುಂದೆಯೇ ಬೀಳುತ್ತದೆ. ಅಂಥ ದಿನ ಅರ್ಧ ಹೆಜ್ಜೆ ಮುಂದೆ ನಿಲ್ಲಿ, ಸೊಂಟಕ್ಕೆ ಒಂದು ಒಣ ಟವಲ್ ಚೂರು ಸಿಕ್ಕಿಸಿಕೊಂಡು ಪ್ರತಿ ರ‍್ಯಾಲಿ ಆದ ಮೇಲೂ ಮುಂಗೈ ಒರೆಸಿಕೊಳ್ಳಿ.