ಕಸುಬು ಬಲ್ಲವರು ಬೋಧಕರಾಗಲು ಯಾವ ಪ್ರಮಾಣಪತ್ರ ಬೇಕು?

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ವರ್ಷಗಟ್ಟಲೆ ಹೊಲಿದವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವರು, ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ ಎಲೆಕ್ಟ್ರಿಷಿಯನ್ ಆಗಿ ಪಳಗಿದವರು ತಾವು ಕಲಿತದ್ದನ್ನು ಇತರರಿಗೆ ಕಲಿಸಲು ಹೊರಟಾಗ ಯಾವ ಪ್ರಮಾಣಪತ್ರ ಬೇಕೆಂದು ತಿಳಿಯದೆ ಅಲೆದಾಡುವುದುಂಟು. ಯಾರಿಗೆ ಕಲಿಸಬೇಕೆಂದಿದ್ದೇವೆ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ದಾರಿ ಸ್ಪಷ್ಟವಾಗುತ್ತದೆ.

ಐಟಿಐಯಲ್ಲಿ ಬೋಧಿಸುವ ಉದ್ದೇಶವಿದ್ದರೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ನಡೆಸುವ ಒಂದು ವರ್ಷದ ಕುಶಲಕರ್ಮಿ ಬೋಧಕರ ತರಬೇತಿಯನ್ನು, ಅಂದರೆ ಎಲ್ಲರೂ ಸಿಐಟಿಎಸ್ ಎಂದು ಕರೆಯುವ ಕೋರ್ಸನ್ನು, ಆರಿಸಿಕೊಳ್ಳಬೇಕು. ಸಂಬಂಧಿಸಿದ ವೃತ್ತಿಯಲ್ಲಿ ಐಟಿಐ, ಡಿಪ್ಲೊಮಾ ಅಥವಾ ಪದವಿ ಮುಗಿಸಿದವರು ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳು ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಇವೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಆದರೆ ತಮ್ಮ ವೃತ್ತಿಯ ತರಬೇತಿ ಯಾವ ಸಂಸ್ಥೆಯಲ್ಲಿದೆ ಎಂದು ನೋಡಿಕೊಂಡೇ ಆಯ್ಕೆ ಮಾಡಬೇಕು. ಬೆಂಗಳೂರಿನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಂಸ್ಥೆಯೂ ಇದೆ.

ಈ ತರಬೇತಿಯ ನಿಜವಾದ ಬೆಲೆ ಇರುವುದು ಬೋಧನಾ ವಿಧಾನದ ಭಾಗದಲ್ಲಿ. ಲೋಹ ಉಜ್ಜುವ ಅರ (ಫೈಲ್) ಹಿಡಿದರೆ ಸಾಕು, ಅನುಭವಿ ಫಿಟ್ಟರನ ಕೈ ತಾನಾಗಿಯೇ ಸಮನಾಗಿ ಓಡುತ್ತದೆ. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಒತ್ತಡ ಸಡಿಲಿಸಬೇಕು ಎಂಬುದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿರುವುದಿಲ್ಲ. ಪಾಠ ಯೋಜನೆ ಬರೆದು, ಸಹಪಾಠಿಗಳ ಎದುರು ಮಾಡಿ ತೋರಿಸುತ್ತ ವಿವರಿಸಬೇಕಾದಾಗಲೇ ಕೈಗೆ ಗೊತ್ತಿರುವುದನ್ನು ಮಾತಿಗೆ ತರುವುದು ಎಷ್ಟು ಕಷ್ಟವೆಂದು ಅರಿವಾಗುತ್ತದೆ.

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಂತಹ ಅಲ್ಪಾವಧಿ ತರಬೇತಿಗಳಲ್ಲಿ ಕಲಿಸುವವರು ತಮ್ಮ ಕ್ಷೇತ್ರದ ಕೌಶಲ ಮಂಡಳಿಯಿಂದ (ಸೆಕ್ಟರ್ ಸ್ಕಿಲ್ ಕೌನ್ಸಿಲ್) ತರಬೇತುದಾರರ ಪ್ರಮಾಣಪತ್ರ ಪಡೆಯಬೇಕು. ಕಸುಬಿನ ಜ್ಞಾನ, ಕಲಿಸುವ ಸಾಮರ್ಥ್ಯ ಎರಡನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಈ ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.

ಇಂಗ್ಲಿಷ್ ಕಲಿಸುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಆರು ತಿಂಗಳ ಪ್ರಮಾಣಪತ್ರ ಕೋರ್ಸ್ ಇದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಇದೆ. ವಿದೇಶದಲ್ಲಿಯೂ ಮಾನ್ಯತೆಯಿರುವ ಕೇಂಬ್ರಿಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಬೋಧನಾ ಪ್ರಮಾಣಪತ್ರ ಕೋರ್ಸಿನಲ್ಲಿ ಕನಿಷ್ಠ 120 ಗಂಟೆಗಳ ಕಲಿಕೆಯೊಂದಿಗೆ ವಯಸ್ಕರಿಗೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಇವು ಯಾವುವೂ ಬಿ.ಇಡಿ.ಗೆ ಬದಲಿಯಲ್ಲ, ಸರ್ಕಾರಿ ಪ್ರೌಢಶಾಲೆಯ ಹುದ್ದೆಗೆ ಬಿ.ಇಡಿ. ಬೇಕೇ ಬೇಕು.

ವಯಸ್ಕರಿಗೆ ಅಕ್ಷರ ಕಲಿಸಲು ಯಾವ ಪದವಿಯೂ ಬೇಡ. 2022ರಿಂದ 2027ರವರೆಗಿನ ‘ಉಲ್ಲಾಸ್’ ಕಾರ್ಯಕ್ರಮದಲ್ಲಿ ಸ್ವಯಂಸೇವಕರಾಗಿ ಆ್ಯಪ್ ಮೂಲಕ ನೋಂದಾಯಿಸಿಕೊಂಡು, 15 ವರ್ಷ ಮೀರಿದ ಅನಕ್ಷರಸ್ಥರಿಗೆ ಕಲಿಸಬಹುದು. ಇದಕ್ಕೆ ಸಂಬಳವಿಲ್ಲ. ಆದರೂ ಹತ್ತಿ ಬಿಡಿಸಿ ಸಂಜೆ ಮನೆಗೆ ಬಂದ ತಾಯಂದಿರಿಗೆ ತಮ್ಮ ಹೆಸರು ಬರೆಯಲು ಕಲಿಸುವ ಅನುಭವವು ಬೋಧಕರಾಗಬಯಸುವವರಿಗೆ ಒಳ್ಳೆಯ ಅಡಿಪಾಯವೆಂದು ನನ್ನ ದೃಢ ನಂಬಿಕೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಇವುಗಳ ಜೊತೆಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಅರ್ಹತಾ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲಾಗಿದ್ದು, ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ನೀಡುತ್ತಾರೆ. ನೇಮಕಾತಿ ಅಧಿಸೂಚನೆ ಬಂದ ಮೇಲೆ ಕಚೇರಿಗೆ ಧಾವಿಸಿದರೆ ಅರ್ಜಿಯ ಕೊನೆಯ ದಿನ ಮೀರಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ ಹಾಗೂ ಆಧಾರ್‌ನಲ್ಲಿ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಇಂದೇ ಪಕ್ಕಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸವಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ.