ಹೆಸರು ಕೆತ್ತಿಸುವ ಹಲಗೆಗೆ ಮರ ಆರಿಸುವಾಗ

ಹೊಸ ಮನೆ ಕಟ್ಟಿದವರೆಲ್ಲ ಈಗ ಬಾಗಿಲ ಪಕ್ಕಕ್ಕೆ ಮರದ ಹೆಸರಿನ ಹಲಗೆ ಕೆತ್ತಿಸುತ್ತಾರೆ. ಅಂಚನ್ನು ಗರಗಸದಿಂದ ನೇರ ಮಾಡದೆ, ಮರ ಬೆಳೆದ ಓರೆಕೋರೆಯನ್ನು ಹಾಗೆಯೇ ಉಳಿಸುವುದು ಚೆಂದವೇ. ಆದರೆ ಹಲಗೆ ಒಣಗಿದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ನನ್ನ ತಂಗಿಯ ಮಗ ಮಳೆಗಾಲದಲ್ಲಿ ಕೊಯ್ಸಿದ ಮಾವಿನ ಹಲಗೆಯನ್ನು ದೀಪಾವಳಿಗೇ ಕೆತ್ತಿಸಿ ತೂಗುಹಾಕಿದ. ಶಿವರಾತ್ರಿಯ ಬಿಸಿಲಿಗೆ ಅದು ಮನೆಯ ಹೆಸರಿನ ನಟ್ಟನಡುವೆ ಸೀಳಿತು. ಆಮೇಲೆ ಬಡಗಿಯನ್ನು ಬೈದು ಏನು ಬಂತು?

ಮಲೆನಾಡಿನ ಮನೆಗೆ ನಾನು ಹೇಳುವುದು ಹಲಸು. ಕೊಯ್ದಾಗ ಅರಿಸಿನದಂತೆ ಹಳದಿಯಾಗಿದ್ದು, ವರ್ಷ ಕಳೆದಂತೆ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರ ತಿರುಳಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಸಾಗುವಾನಿ ಒಳ್ಳೆಯದು, ದುಬಾರಿ. ಬೀಟೆಯ ಕಪ್ಪಿನಲ್ಲಿ ಕೆತ್ತಿದ ಅಕ್ಷರ ದೂರಕ್ಕೆ ಕಾಣಿಸದು. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗವೆಂದು ತಂದರೆ ಹೊರಗಿನ ಮಳೆಗೆ ಬಾಳುವುದಿಲ್ಲ. ಮರ ಯಾವುದೇ ಇರಲಿ, ತೊಗಟೆಯನ್ನು ಪೂರ್ತಿ ಸುಲಿಸಿ, ಅದರಡಿಯ ಬಿಳಿ ಭಾಗ ಆದಷ್ಟು ಕಡಿಮೆಯಿರುವ ಹಲಗೆಯನ್ನೇ ಆರಿಸಬೇಕು. ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಅಲ್ಲಿಂದಲೇ.

ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಹೆಚ್ಚುಕಡಿಮೆ 1 ವರ್ಷ ಬೇಕು. ಅಡಿಕೆ ತೂಗುವ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ, ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಇಳಿಯುವುದು ನಿಂತರೆ ಒಣಗಿತೆಂದು ತಿಳಿಯಿರಿ. ಆದರೆ ಮಳೆಗಾಲದ ತೂಕವನ್ನು ನಂಬಬೇಡಿ, ಆಗ ಮರ ಗಾಳಿಯ ತೇವ ಕುಡಿದಿರುತ್ತದೆ. ತೆಂಗಿನಕಾಯಿ ತುರಿಯುವ ಮಣೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿಲಿಗೆ ಒಡ್ಡುವ ನಮ್ಮ ಮನೆಯ ಹುಡುಗಿಯರಿಗೂ ಮರ ನೀರು ಕುಡಿದು ಉಬ್ಬುತ್ತದೆಂದು ಎಷ್ಟು ಸಲ ಹೇಳಿದ್ದೇನೋ.

ಇನ್ನು ನಾನು ಎಂದೂ ಬಿಡದ ಒಂದು ಪರೀಕ್ಷೆಯಿದೆ. ಕನ್ನಡದ ಅಕ್ಷರಗಳು ಗುಂಡಗಿರುವುದರಿಂದ, ಒಂದೇ ಅಕ್ಷರದಲ್ಲಿ ಉಳಿಯು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಎದುರಿಗೂ ಓಡಬೇಕಾಗುತ್ತದೆ. ಆದ್ದರಿಂದ ಅದೇ ಹಲಗೆಯಿಂದ ಕತ್ತರಿಸಿದ ತುಂಡಿನಲ್ಲಿ, ನಿಮ್ಮ ಹಲಗೆಯ ಮೇಲೆ ಬರುವ ಅಳತೆಯಲ್ಲೇ, ‘ಳ’ ಅಕ್ಷರವನ್ನು ಕೆತ್ತಿಸಿ ನೋಡಬೇಕು. ಬಡಗಿ ಗೊಣಗಲಿ, ಕೆತ್ತಿಸಿ. ಕೆತ್ತಿದ ಗುಳಿಗೆ ಹಿಂಡಿದ ಒದ್ದೆ ಬಟ್ಟೆಯನ್ನು ಒಮ್ಮೆ ಒತ್ತಿ ತೆಗೆದು, ರಾತ್ರಿ ಬಿಟ್ಟು, ಬೆಳಗ್ಗೆ ಕಿಟಕಿಯ ಓರೆ ಬೆಳಕಿಗೆ ಹಿಡಿದು, ಕಿರುಬೆರಳ ತುದಿಯಿಂದ ಸುರುಳಿಯನ್ನು ಮೆಲ್ಲನೆ ಸವರಿ. ಎಳೆ ಎದ್ದು ಬೆರಳಿಗೆ ಚುಚ್ಚಿದರೆ ಅಥವಾ ಸುರುಳಿಯ ನಡುವೆ ಉಳಿದ ತೆಳು ಏಣು ಚಕ್ಕೆಯಾಗಿ ಎದ್ದಿದ್ದರೆ ಆ ಹಲಗೆ ಬೇಡವೇ ಬೇಡ. ಯಂತ್ರದಲ್ಲಿ ಕೆತ್ತಿಸುತ್ತೇವೆ, ಇದೆಲ್ಲ ಏಕೆ ಎನ್ನಬೇಡಿ. ಯಂತ್ರದ ಮೊನೆಯೂ ಅದೇ ಎಳೆಯನ್ನೇ ಸೀಳುವುದು.

ಇದನ್ನು ಕಲಿತದ್ದು ನಮ್ಮ ತವರಿಗೆ ದೇವರ ಮಂಟಪ ಕೆತ್ತಲು ಬಂದಿದ್ದ ಸಾಗರದ ಗುಡಿಗಾರರೊಬ್ಬರಿಂದ. ಗಂಧದ ನಯವಾದ ಎಳೆಗೆ ಒಗ್ಗಿದ ಆ ಕೈ, ಹಲಸಿನ ಒಂದು ಹಲಗೆಯನ್ನು ಒಪ್ಪುವ ಮೊದಲು ಏಳು ತುಂಡುಗಳನ್ನು ಕೆತ್ತಿ ಎಸೆದಿತ್ತು. ಆರು ಬಚ್ಚಲೊಲೆಗೆ ಹೋದವು. ಏಳನೆಯದನ್ನು ಅಮ್ಮ ಎತ್ತಿಟ್ಟಿದ್ದರು. ಈಗಲೂ ಹಲಗೆ ತೋರಿಸಲು ಬಂದವರ ಕೈಗೆ ಮೊದಲು ಅದನ್ನೇ ಕೊಟ್ಟು ಬೆರಳಾಡಿಸಲು ಹೇಳುತ್ತೇನೆ.